ಪರವಾಗಿ ನಿಲ್ಲುವವನೊಬ್ಬ

ತಪ್ಪು ಮಾಡಿದವನೆಂದು ತೋರುವ ಮನುಷ್ಯನ ಪರವಾಗಿ ವಾದಿಸುವ ವಕೀಲನು ನೀತಿವಂತನಾಗಿರಲು ಸಾಧ್ಯವೇ? ಮಕ್ಕಳು ಕೇಳಿದರೆ ಹಿರಿಯರೂ ಕ್ಷಣಕಾಲ ಮೌನವಾಗುವಂಥ ಪ್ರಶ್ನೆಯಿದು.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2010ರ ಸೆಪ್ಟೆಂಬರ್‌ನಲ್ಲಿ 'ದಿ ಡಿಫೆಂಡರ್ಸ್' ಎಂಬ ಧಾರಾವಾಹಿ ಆರಂಭವಾಯಿತು. 18 ಕಂತುಗಳು ಮುಗಿಯುತ್ತಲೇ, 2011ರ ಮಾರ್ಚ್‌ನಲ್ಲಿ, ಅದು ನಿಂತೂಹೋಯಿತು. ಲಾಸ್ ವೇಗಸ್ ನಗರದಲ್ಲಿ ಆರೋಪಿಗಳ ಪರ ವಾದಿಸುವ ಇಬ್ಬರು ಪಾಲುದಾರ ವಕೀಲರ ಕಥೆಯದು. ಜಿಮ್ ಬೆಲೂಶಿ ಅಭಿನಯಿಸಿದ ನಿಕ್ ಮೊರೆಲ್ಲಿ, ಕಕ್ಷಿದಾರನ ಸಂಕಟವನ್ನು ಮೈಮೇಲೆ ಎಳೆದುಕೊಂಡು ಹೋರಾಡುವವನು. ಸ್ವಂತ ಸಂಸಾರ ಮಾತ್ರ ಒಡೆದಿದೆ. ಜೆರ್ರಿ ಓ'ಕಾನೆಲ್ ಅಭಿನಯಿಸಿದ ಪೀಟ್ ಕಜ್ಮರೆಕ್ ಶೋಕಿಯ ಮನುಷ್ಯ. ಒಬ್ಬರಿಗೊಬ್ಬರು ಹೊಂದದ ಈ ಜೋಡಿಯಲ್ಲಿ ಯಾರೂ ಆದರ್ಶ ಪುರುಷರಲ್ಲ. ಆದರೂ ಕಟಕಟೆಯಲ್ಲಿ ನಿಂತವನಿಗೆ ಆ ಹೊತ್ತಿನಲ್ಲಿ ಅವರಲ್ಲದೆ ಬೇರೆ ಗತಿಯಿಲ್ಲ.

ಇಲ್ಲಿ ಚಿಂತಿಸಬೇಕಾದ ಒಂದು ಸಂಗತಿಯಿದೆ. ರಕ್ಷಣೆ ಪಡೆಯುವ ಹಕ್ಕು ಆರೋಪಿಯ ಒಳ್ಳೆಯತನಕ್ಕೆ ದೊರೆಯುವ ಬಹುಮಾನವಲ್ಲ. ವಕೀಲನ ಸದ್ಗುಣದಿಂದ ಹುಟ್ಟುವ ದಾನವೂ ಅಲ್ಲ. ಹಾಗಾದರೆ ಅದರ ಆಧಾರ ಯಾವುದು?

ಉತ್ತರವು ಒಬ್ಬ ಬಡವನ ಬಾಳಿನಲ್ಲಿದೆ. 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ, ಬಿಲಿಯರ್ಡ್ಸ್ ಆಟದ ಅಂಗಡಿಯೊಂದಕ್ಕೆ ಕನ್ನ ಹಾಕಿದನೆಂದು ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬಾತನನ್ನು ಬಂಧಿಸಿದರು. ಹಣವಿಲ್ಲದ ಅವನು ವಕೀಲನನ್ನು ಕೊಡಿರೆಂದು ನ್ಯಾಯಾಲಯವನ್ನು ಬೇಡಿದ. ಮರಣದಂಡನೆಗೆ ಗುರಿಯಾಗಬಹುದಾದವರಿಗೆ ಮಾತ್ರ ಆ ಸೌಲಭ್ಯವೆಂದು ನಿರಾಕರಿಸಲಾಯಿತು. ತನಗೆ ತಾನೇ ವಾದಿಸಿ ಸೋತು, ಐದು ವರ್ಷಗಳ ಸೆರೆವಾಸಕ್ಕೆ ಗುರಿಯಾದ. ಸೆರೆಮನೆಯಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ರಾಜ್ಯವೇ ವಕೀಲನನ್ನು ಒದಗಿಸಬೇಕೆಂದು 1963ರ ಮಾರ್ಚ್ 18ರಂದು ಆ ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು. ಅದೇ ಆಗಸ್ಟ್‌ನಲ್ಲಿ ಮರುವಿಚಾರಣೆ ನಡೆದಾಗ, ವಕೀಲನ ನೆರವಿದ್ದ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆಯಾದ.

ಆರೋಪ ಅದೇ, ಮನುಷ್ಯನೂ ಅವನೇ. ಆದರೆ ಈ ಬಾರಿ ಸಾಕ್ಷಿಯನ್ನು ಪ್ರಶ್ನಿಸಬಲ್ಲವನೊಬ್ಬ ಪಕ್ಕದಲ್ಲಿದ್ದ. 'ಇವನು ತಪ್ಪಿತಸ್ಥ' ಎಂದು ನಾವು ಮೊದಲೇ ಹೇಳಿಬಿಡುವುದು, ಪ್ರಶ್ನೆಗೊಳಗಾಗದ ಸಾಕ್ಷ್ಯವನ್ನು ನಂಬಿಕೊಂಡು ಅಲ್ಲವೇ?

ನಿಜವಾಗಿಯೂ ತಪ್ಪು ಮಾಡಿದವನು ವಾದದ ಬಲದಿಂದ ಪಾರಾದರೆ, ನೊಂದವರ ಗತಿಯೇನು? ಈ ಆಕ್ಷೇಪ ಹಗುರವಾದುದಲ್ಲ. ಆ ಕುಟುಂಬದ ಕಣ್ಣೀರಿಗೆ ಯಾವ ತತ್ತ್ವವೂ ಸಮಾಧಾನ ಹೇಳಲಾರದು. ಆದುದರಿಂದಲೇ ವಕೀಲನಿಗೂ ಎಲ್ಲೆಯಿದೆ: ಅವನು ಸುಳ್ಳು ಸಾಕ್ಷ್ಯವನ್ನು ಹೂಡುವಂತಿಲ್ಲ. ಆರೋಪವನ್ನು ಸಾಬೀತುಪಡಿಸಿರೆಂದು ಒತ್ತಾಯಿಸುವುದು ಮಾತ್ರ ಅವನ ಧರ್ಮ. ಆ ಒತ್ತಾಯವಿಲ್ಲದಿದ್ದರೆ ನಿರಪರಾಧಿಯು ಸೆರೆ ಸೇರುವನು. ನಿಜವಾದ ಅಪರಾಧಿ ಹೊರಗೇ ಉಳಿಯುವನು. ಆಗ ನೊಂದವರಿಗೂ ನ್ಯಾಯ ದೊರೆಯದು.

ನ್ಯಾಯಾಲಯದ ಮೆಟ್ಟಿಲೇರದ ತೀರ್ಪುಗಳೂ ಉಂಟು. ಊಟದ ಮನೆಯಲ್ಲಿ, ಬೀದಿಯ ತಿರುವಿನಲ್ಲಿ, ಎದುರಿಗಿಲ್ಲದವರ ಮೇಲೆ ನಾವು ದಿನವೂ ತೀರ್ಪು ಕೊಡುತ್ತೇವೆ. 'ಅವರ ಮಾತನ್ನೂ ಕೇಳೋಣ' ಎನ್ನುವ ಒಂದು ದನಿ ಅಲ್ಲಿ ಏಳುವುದೇ? ಅದನ್ನು ಎತ್ತಲು ಪರಿಪೂರ್ಣರಾಗಿರಬೇಕಿಲ್ಲ. ಎದ್ದು ನಿಂತರೆ ಸಾಕು.