ಆಜ್ಞಾಪಿಸಲ್ಪಡದ ಆಚಾರಗಳ ವಿಷಯವಾದ ವಿಚಾರ

ದೇವರು ಕೇಳದೆ ಇದ್ದದ್ದನ್ನು ಮನುಷ್ಯನು ಭಕ್ತಿಯಿಂದ ಆತನಿಗೆ ಸಲ್ಲಿಸಿದರೆ ಅದು ಪುಣ್ಯವೋ, ಅಧಿಕಪ್ರಸಂಗವೋ? ಈ ಪ್ರಶ್ನೆಯು ಎಲ್ಲಾ ಮತದವರಿಗೂ ಬರತಕ್ಕದ್ದೇ. ಆದರೆ ಇದನ್ನು ಮುಸಲ್ಮಾನರಷ್ಟು ದೀರ್ಘಕಾಲ, ಅವರಷ್ಟು ಸೂಕ್ಷ್ಮವಾಗಿ ಚರ್ಚಿಸಿದವರು ವಿರಳ. ಅವರ ಶಾಸ್ತ್ರದಲ್ಲಿ ಇದಕ್ಕೆ ‘ಬಿದ್‌ಅತ್’ ಎಂಬ ಹೆಸರುಂಟು. ಮುಂಚೆ ಮಾದರಿಯಿಲ್ಲದೆ ಹೊಸದಾಗಿ ಹುಟ್ಟಿಸಿದ್ದು ಎಂಬದೇ ಆ ಅರಬ್ಬಿ ಮಾತಿನ ಅರ್ಥ. ಅದೇ ಧಾತುವಿನಿಂದ ಬಂದ ಒಂದು ನಾಮವನ್ನು ಕುರಾನು ದೇವರಿಗೇ ಕೊಡುತ್ತದೆ. ಆಕಾಶವನ್ನೂ ಭೂಮಿಯನ್ನೂ ಮಾದರಿಯಿಲ್ಲದೆ ಉಂಟುಮಾಡಿದಾತನು ಆತನೇ. ಸೃಷ್ಟಿಯಲ್ಲಿ ಆತನಿಗೆ ಮಹಿಮೆಯಾಗಿರುವ ಕೆಲಸವು ಆರಾಧನೆಯಲ್ಲಿ ಮನುಷ್ಯನಿಗೆ ದೋಷವಾಗುವದು ಹೇಗೆಂಬದನ್ನು ವಾಚಕರು ಇಷ್ಟರಿಂದಲೇ ಸ್ವಲ್ಪ ಊಹಿಸಬಹುದು.

ಪ್ರವಾದಿಯಾದ ಮಹಮ್ಮದರ ಪತ್ನಿ ಆಯಿಶಾ ಅವರು ತಿಳಿಸಿದರೆಂದು ಪ್ರಮಾಣವಾಗಿ ಎಣಿಸಲ್ಪಡುವ ಒಂದು ಹದೀಸಿನ ತಾತ್ಪರ್ಯವೇನಂದರೆ, ಈ ಧರ್ಮಕ್ಕೆ ಸೇರದ್ದನ್ನು ಯಾವನಾದರೂ ಇದರೊಳಗೆ ತಂದಿಟ್ಟರೆ ಅದು ತಿರಸ್ಕೃತವಾಗುವದು. ಬುಖಾರಿಯವರ ಸಂಗ್ರಹದಲ್ಲಿ ಇನ್ನೊಂದು ವೃತ್ತಾಂತವುಂಟು. ಮೂವರು ಪುರುಷರು ಪ್ರವಾದಿಯ ಮನೆಗೆ ಬಂದು, ಅವರು ದೇವರನ್ನು ಆರಾಧಿಸುವ ರೀತಿ ಹೇಗೆಂದು ವಿಚಾರಿಸಿದರು. ಕೇಳಿದ ಉತ್ತರವು ಅವರಿಗೆ ಸ್ವಲ್ಪವೆಂದು ತೋರಿತು. ಆಗ ಒಬ್ಬನು ರಾತ್ರಿಯೆಲ್ಲಾ ಪ್ರಾರ್ಥಿಸುವೆನೆಂದೂ, ಇನ್ನೊಬ್ಬನು ಎಡೆಬಿಡದೆ ಉಪವಾಸವಿರುವೆನೆಂದೂ, ಮೂರನೆಯವನು ಎಂದಿಗೂ ಮದುವೆಯಾಗೆನೆಂದೂ ನಿಶ್ಚಯಿಸಿಕೊಂಡರು. ಮಹಮ್ಮದರು ಇದನ್ನು ಕೇಳಿ, ತಾನು ಪ್ರಾರ್ಥಿಸುವದೂ ಉಂಟು ನಿದ್ರಿಸುವದೂ ಉಂಟು, ಉಪವಾಸ ಮಾಡುವದೂ ಉಂಟು ಬಿಡುವದೂ ಉಂಟು, ವಿವಾಹವೂ ಆಗುವದುಂಟು. ತನ್ನ ಪದ್ಧತಿಯಿಂದ ತಿರುಗಿಕೊಂಡವನು ತನ್ನವನಲ್ಲವೆಂದು ಹೇಳಿದರಂತೆ. ಇಲ್ಲಿ ತಿದ್ದಲ್ಪಟ್ಟವರು ಸೋಮಾರಿಗಳಲ್ಲ, ಅತಿಭಕ್ತರೆಂಬದನ್ನು ಗಮನಿಸತಕ್ಕದ್ದು. ಕುರಾನಿನ 57ನೇ ಅಧ್ಯಾಯದಲ್ಲಿ ಕ್ರೈಸ್ತ ಸನ್ಯಾಸಿಗಳ ವಿಷಯವಾಗಿ ಇದೇ ವಿಧವಾದ ಮಾತು ಬರುತ್ತದೆ. ಅವರ ಸನ್ಯಾಸವನ್ನು ದೇವರು ವಿಧಿಸಲಿಲ್ಲ, ಅವರೇ ಕಲ್ಪಿಸಿಕೊಂಡರು, ಕಲ್ಪಿಸಿಕೊಂಡದ್ದನ್ನು ಸರಿಯಾಗಿ ನಡಿಸಲೂ ಇಲ್ಲವೆಂದು ಅಲ್ಲಿ ಹೇಳಿಯದೆ. 1521ರಲ್ಲಿ ಮಾರ್ಟಿನ್ ಲೂಥರನು ಮಠಗಳ ವ್ರತಗಳನ್ನು ಕುರಿತು ಬರೆದದ್ದನ್ನು ಬಲ್ಲ ವಾಚಕರು ಈ ಮಾತಿಗೆ ಬಹಳ ಕೋಪಿಸಲಾರರು.

ಆದರೆ ಪ್ರಶ್ನೆಯು ಇಷ್ಟರಿಂದ ತೀರಲಿಲ್ಲ. ಮಹಮ್ಮದರು 632ರಲ್ಲಿ ತೀರಿಹೋದ ಬಳಿಕ ಯಮಾಮದ ಯುದ್ಧದಲ್ಲಿ ಕುರಾನನ್ನು ಬಾಯಿಪಾಠವಾಗಿ ಬಲ್ಲ ಅನೇಕರು ಬಿದ್ದರು. ಹೀಗೆಯೇ ನಡೆದರೆ ಗ್ರಂಥವೇ ನಷ್ಟವಾದೀತೆಂದು ಹೆದರಿ ಉಮರರು, ಖಲೀಫರಾಗಿದ್ದ ಅಬೂಬಕರರ ಬಳಿಗೆ ಹೋಗಿ, ಎಲ್ಲವನ್ನೂ ಒಂದಾಗಿ ಬರಸಿ ಇಡಬೇಕೆಂದು ಬೇಡಿದರು. ಪ್ರವಾದಿಯು ಮಾಡದೆ ಇದ್ದ ಕೆಲಸವನ್ನು ತಾನು ಮಾಡುವದು ಹೇಗೆಂದು ಅಬೂಬಕರರು ಹಿಂಜರಿದರು. ಆ ಕೆಲಸಕ್ಕೆ ಕರೆಯಲ್ಪಟ್ಟ ಜೈದ್ ಬಿನ್ ಸಾಬಿತ್ ಎಂಬ ಲೇಖಕನೂ ಮೊದಲು ಅದನ್ನೇ ಕೇಳಿದನು. ಒಂದು ಬೆಟ್ಟವನ್ನು ಕದಲಿಸೆಂದು ಅಪ್ಪಣೆಯಾಗಿದ್ದರೂ ಅದು ತನಗೆ ಇದಕ್ಕಿಂತ ಹಗುರವಾಗಿರುತ್ತಿತ್ತೆಂದು ಅವನು ಆಮೇಲೆ ಹೇಳಿಕೊಂಡನು. ಕೊನೆಗೆ ಇಬ್ಬರೂ ಒಪ್ಪಿದರು. ಇಂದು ಮುಸಲ್ಮಾನನು ಕೈಯಲ್ಲಿ ಹಿಡಿಯುವ ಗ್ರಂಥವು ಈ ಹಿಂಜರಿಕೆಯನ್ನು ದಾಟಿ ಬಂದದ್ದಾಗಿದೆ. ತರುವಾಯ ಖಲೀಫರಾದ ಉಮರರು ರಮಜಾನಿನ ರಾತ್ರಿಗಳಲ್ಲಿ ಜನರು ಮಸೀದಿಯಲ್ಲಿ ಬೇರೆ ಬೇರೆಯಾಗಿ ಪ್ರಾರ್ಥಿಸುವದನ್ನು ಕಂಡು, ಎಲ್ಲರನ್ನೂ ಉಬಯ್ಯ್ ಬಿನ್ ಕಾಬ್ ಎಂಬವರ ಹಿಂದೆ ಸಾಲಾಗಿ ನಿಲ್ಲಿಸಿದರು. ಮತ್ತೊಂದು ರಾತ್ರಿ ಅದನ್ನು ನೋಡಿ, ಈ ಹೊಸ ಪದ್ಧತಿಯು ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿದರು. ಅವರ ಬಾಯಿಂದ ಬಂದ ಶಬ್ದವು ‘ಬಿದ್‌ಅತ್’ ಎಂಬದೇ. ಈ ಒಂದು ಶಬ್ದದ ನಿಮಿತ್ತ ಪಂಡಿತರು ಬರೆದ ಪುಟಗಳಿಗೆ ಲೆಕ್ಕವಿಲ್ಲ.

820ರಲ್ಲಿ ತೀರಿಹೋದ ಶಾಫಿಯಿ ಇಮಾಮರು ಹೊಸತನದಲ್ಲಿ ಎರಡು ವಿಧವುಂಟೆಂದರು: ಗ್ರಂಥಕ್ಕೂ ಪೂರ್ವಿಕರ ನಡತೆಗೂ ವಿರೋಧವಾದದ್ದು ಒಂದು, ವಿರೋಧವಲ್ಲದ ಒಳ್ಳೇದು ಒಂದು. 13ನೇ ಶತಮಾನದ ಇಜ್ಜುದ್ದೀನ್ ಬಿನ್ ಅಬ್ದುಸ್ಸಲಾಮರು ಇದನ್ನು ಐದಾಗಿ ವಿಂಗಡಿಸಿ, ಕುರಾನನ್ನು ತಿಳಿಯುವದಕ್ಕೆ ವ್ಯಾಕರಣ ಕಲಿಯುವದು ಹೊಸದಾದರೂ ಕರ್ತವ್ಯವೆಂದೂ, ಪಾಠಶಾಲೆಗಳನ್ನು ಕಟ್ಟುವದು ಪ್ರಶಂಸನೀಯವೆಂದೂ ಹೇಳಿದರು. 1388ರಲ್ಲಿ ತೀರಿಹೋದ ಗ್ರನಾಡದ ಶಾತಿಬಿಯವರು ಈ ವಿಂಗಡಣೆಯನ್ನೇ ಒಪ್ಪಲಿಲ್ಲ. ಅವರ ಮತದಂತೆ ವ್ಯಾಕರಣವಾಗಲಿ ಪಾಠಶಾಲೆಯಾಗಲಿ ಬಿದ್‌ಅತ್ತೇ ಅಲ್ಲ. ಅವು ಧರ್ಮದ ಗುರಿಯನ್ನು ಮುಟ್ಟುವ ಸಾಧನಗಳು. ಸಾಧನವನ್ನೇ ಆರಾಧನೆಯೆಂದು ಸ್ಥಾಪಿಸಿ, ಶಾಸ್ತ್ರವಿಧಿಯ ವೇಷವನ್ನು ಅದಕ್ಕೆ ತೊಡಿಸಿ, ದೇವರ ಸೇವೆಯನ್ನು ಹೆಚ್ಚಿಸುವೆನೆಂದುಕೊಂಡು ನಡಿಸುವದೇ ಬಿದ್‌ಅತ್. ನನ್ನ ಬುದ್ಧಿಗೆ ಶಾತಿಬಿಯವರ ಮಾತೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಈ ಭೇದವನ್ನು ಮರೆತವರು ನಗೆಗೀಡಾದದ್ದೂ ಉಂಟು. ಯೆಮನಿನ ಸೂಫಿಗಳು ರಾತ್ರಿಯ ಧ್ಯಾನದಲ್ಲಿ ನಿದ್ದೆ ಬಾರದಂತೆ ಕುಡಿಯುತ್ತಿದ್ದ ಕಾಫಿಯನ್ನು ಮೆಕ್ಕದ ಅಧಿಕಾರಿಯೊಬ್ಬನು 1511ರಲ್ಲಿ ಪಂಡಿತರ ಸಭೆ ಕೂಡಿಸಿ ನಿಷೇಧಿಸಿದನು. ಆ ನಿಷೇಧವು ನಿಲ್ಲಲಿಲ್ಲ, ಕಾಫಿ ನಿಂತಿತು.

ಹೆಚ್ಚು ಕಠಿಣವಾದದ್ದು ಪ್ರೀತಿಯಿಂದ ಹುಟ್ಟಿದ ಆಚಾರಗಳ ಪ್ರಶ್ನೆ. ಪ್ರವಾದಿಯ ಜನ್ಮದಿನದ ಉತ್ಸವವನ್ನು ಮೊದಲ ತಲೆಮಾರಿನವರು ಆಚರಿಸಲಿಲ್ಲವೆಂಬದನ್ನು ಎರಡು ಪಕ್ಷದವರೂ ಒಪ್ಪುತ್ತಾರೆ. ಫಾತಿಮೀ ಅರಸರ ಕೈರೋದಲ್ಲಿ ಅದು ನಡೆಯುತ್ತಿತ್ತು. 1233ರಲ್ಲಿ ತೀರಿಹೋದ ಇರ್ಬಿಲಿನ ಅಧಿಪತಿ ಮುಜಫ್ಫರುದ್ದೀನ್ ಕೋಕ್‌ಬೂರಿಯು ಅದನ್ನು ಮಹಾ ಆಡಂಬರದಿಂದ ನಡಿಸಿದನು. 1505ರಲ್ಲಿ ತೀರಿಹೋದ ಸುಯೂತಿಯವರು ಅದನ್ನು ಸಮರ್ಥಿಸಿ ಬರೆದರು. ಬಿದ್‌ಅತ್ತಿಗೆ ಕಡುವೈರಿಯೆಂದು ಹೆಸರಾದ ಇಬ್ನ್ ತೈಮಿಯ್ಯರು (1263–1328) ಅದು ಒಳ್ಳೇದಾಗಿದ್ದರೆ ನಮಗಿಂತ ಹೆಚ್ಚು ಪ್ರೀತಿಯುಳ್ಳ ಆ ಪೂರ್ವಿಕರೇ ಮಾಡುತ್ತಿದ್ದರೆಂದು ವಾದಿಸಿದರು. ಆದಾಗ್ಯೂ ಅದೇ ಗ್ರಂಥದಲ್ಲಿ, ಅದನ್ನು ನಡಿಸುವ ಕೆಲವರಿಗೆ ಅವರ ಸದುದ್ದೇಶದ ಮತ್ತು ಗೌರವಬುದ್ಧಿಯ ದೆಸೆಯಿಂದ ದೊಡ್ಡ ಪ್ರತಿಫಲ ದೊರಕಬಹುದೆಂದೂ ಬರೆದರು. ಮತ್ತು ಒಂದು ಹಳೇ ಸಂಗತಿಯನ್ನು ನೆನಪಿಗೆ ತಂದರು. ಒಬ್ಬ ಅಮೀರನು ಒಂದು ಕುರಾನಿನ ಪ್ರತಿಗೆ ಸಾವಿರ ದೀನಾರು ವೆಚ್ಚ ಮಾಡಿದನೆಂದು ಯಾರೋ ಇಮಾಮ್ ಅಹ್ಮದರಿಗೆ ದೂರು ಹೇಳಿದಾಗ, ಗ್ರಂಥವನ್ನು ಚಿನ್ನದಿಂದ ಅಲಂಕರಿಸುವದನ್ನು ಮೆಚ್ಚದ ಆ ಇಮಾಮರೇ, ಬಿಡಿರಿ, ಅವರು ಚಿನ್ನ ವೆಚ್ಚ ಮಾಡಿದ್ದರಲ್ಲಿ ಇದೇ ಉತ್ತಮ ಎಂಬ ಅರ್ಥದ ಉತ್ತರ ಕೊಟ್ಟರಂತೆ. ಇದನ್ನು ತಪ್ಪಿಸಿದರೆ ಅವನು ಅದಕ್ಕಿಂತ ಕೆಟ್ಟದ್ದಕ್ಕೆ ಸುರಿದಾನೆಂಬ ವಿವೇಕವು ಆ ಮಾತಿನಲ್ಲಿತ್ತು. ಇಬ್ನ್ ತೈಮಿಯ್ಯರ ಹೆಸರು ಹೇಳುವ ಅನೇಕರಲ್ಲಿ ಈ ಮೃದುತ್ವವು ಕಾಣದೆ ಹೋದದ್ದು ದುಃಖಕರ.

ಯಾಕಂದರೆ ತೆಗೆದುಹಾಕುವವನೂ ಮಿತಿ ಮೀರಬಹುದು. ದೇವರು ತನ್ನ ದಾಸರಿಗೆ ಕೊಟ್ಟ ಅಲಂಕಾರವನ್ನು ನಿಷೇಧಿಸಿದವರಾರೆಂದು ಕುರಾನು ಒಂದು ಕಡೆ ಕೇಳುತ್ತದೆ. ಇದು ಸಲ್ಲುವದು ಅದು ಸಲ್ಲದೆಂದು ಬಾಯಿಗೆ ಬಂದಂತೆ ತೀರ್ಪು ಹೇಳಬಾರದೆಂದು ಇನ್ನೊಂದು ಕಡೆ ಎಚ್ಚರಿಸುತ್ತದೆ. ಮದೀನದ ಬಕೀ ಶ್ಮಶಾನದಲ್ಲಿ ಪ್ರವಾದಿಯ ಮನೆತನದವರ ಸಮಾಧಿಗಳ ಮೇಲಿದ್ದ ಗುಮ್ಮಟಗಳನ್ನು 1806ರಲ್ಲಿ ಒಮ್ಮೆ, ತಿರಿಗಿ ಕಟ್ಟಿದ ಮೇಲೆ 1920ರ ದಶಕದ ಮಧ್ಯದಲ್ಲಿ ಇನ್ನೊಮ್ಮೆ, ಸೌದಿ ಮನೆತನದ ಆಳಿಕೆಯಲ್ಲಿ ಕೆಡವಿದರು. ಎತ್ತರಿಸಿದ ಸಮಾಧಿಗಳನ್ನು ಸಮ ಮಾಡಬೇಕೆಂಬ ಹದೀಸು ಅವರಿಗೆ ಆಧಾರವಾಗಿತ್ತು. ಆದರೆ ಆ ಗುಮ್ಮಟಗಳ ಕೆಳಗೆ ಅತ್ತಿದ್ದ ಅಸಂಖ್ಯಾತ ಜನರು ಗೋರಿಯನ್ನು ಪೂಜಿಸಲಿಲ್ಲ, ಸತ್ತವರನ್ನು ಪ್ರೀತಿಸಿದರು ಎಂದುಕೊಳ್ಳುವವರೂ ಮುಸಲ್ಮಾನರೇ. ನಮ್ಮ ಕನ್ನಡ ನಾಡಿನ ಮೊಹರಮ್ಮಿಗೂ ಈ ವಾದವು ತಟ್ಟುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಪಂಜೆಗಳ ದರ್ಶನಕ್ಕೆ ಹಿಂದೂಗಳೂ ಗುಂಪುಗುಂಪಾಗಿ ಹೋಗುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಕೆಲವು ಹಳ್ಳಿಗಳಲ್ಲಿಯೂ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಅಲ್ಲಿ ಮೌಲವಿಯು ಬಿದ್‌ಅತ್ತೆಂದರೆ ಕೇಳತಕ್ಕವರು ಯಾರೋ!

ಹಾಗಾದರೆ ನಿರ್ದೋಷವಾದ ಆಚಾರವು ದೋಷವಾಗಿ ಮಾರ್ಪಡುವ ಮೇರೆ ಯಾವದು? ಪ್ರವಾದಿಯ ಶಿಷ್ಯರಲ್ಲೊಬ್ಬರಾದ ಇಬ್ನ್ ಮಸ್ಊದರು ಹೇಳಿದ ಒಂದು ಅಲ್ಪ ಸಂಗತಿಯು ಇದಕ್ಕೆ ಬೆಳಕು ಕೊಡುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಬಲಗಡೆಗೇ ತಿರುಗಿ ಏಳಬೇಕೆಂದು ಕೆಲವರು ಕಟ್ಟಿಕೊಂಡಿದ್ದರು. ಬಲಗಡೆಗೆ ತಿರುಗುವದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ತನಗೆ ಕಡ್ಡಾಯವೆಂದು ಎಣಿಸಿದವನು ತನ್ನ ಪ್ರಾರ್ಥನೆಯಲ್ಲಿ ಸೈತಾನನಿಗೆ ಒಂದು ಪಾಲು ಕೊಟ್ಟಂತಾಯಿತೆಂದು ಅವರು ಎಚ್ಚರಿಸಿದರು. ಪ್ರವಾದಿಯು ಅನೇಕ ಸಾರಿ ಎಡಗಡೆಗೆ ತಿರುಗಿದ್ದನ್ನು ಅವರೇ ನೋಡಿದ್ದರು. ಆದ್ದರಿಂದ ಒಂದು ಆಚಾರವನ್ನು ಪರೀಕ್ಷಿಸುವವರು, ಅದನ್ನು ಮಾಡುವವನಿಗೆ ಏನಾಗುತ್ತದೆ ಎಂಬದಕ್ಕಿಂತ, ಅದನ್ನು ಬಿಟ್ಟವನಿಗೆ ನೆರೆಹೊರೆಯಲ್ಲಿ ಏನಾಗುತ್ತದೆ ಎಂಬದನ್ನು ಕೇಳಬೇಕೆಂದು ನನಗೆ ತೋರುತ್ತದೆ. ನಾಚಿಕೆಯಿಲ್ಲದೆ ಬಿಡಬಹುದಾದದ್ದು ಪ್ರೀತಿಯ ಕಾಣಿಕೆಯಾಗಿಯೇ ಉಳಿದಿದೆ. ಬಿಟ್ಟವನು ಮುಖ ಮುಚ್ಚಿಕೊಳ್ಳಬೇಕಾದರೆ ಅಲ್ಲಿ ಯಾರೋ ಆಜ್ಞೆ ಹೊರಡಿಸಿದ್ದಾರೆ, ಹೊರಡಿಸಿದಾತನು ದೇವರಲ್ಲ.

ಇದು ಎಲ್ಲಿಯೂ ಸಾವಿನ ಮನೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣದು. 629ರಲ್ಲಿ ಮುಅ್ತದ ಯುದ್ಧದಲ್ಲಿ ಪ್ರವಾದಿಯ ದಾಯಾದಿ ಜಾಫರರು ಮಡಿದ ಸುದ್ದಿ ಬಂದಾಗ, ಜಾಫರರ ಮನೆಯವರಿಗೆ ಅಡಿಗೆ ಮಾಡಿ ಕಳುಹಿಸಿರಿ, ಅವರು ದುಃಖದಲ್ಲಿ ಮುಳುಗಿದ್ದಾರೆ ಎಂದು ಮಹಮ್ಮದರು ಹೇಳಿದರೆಂದು ಹದೀಸಿನಲ್ಲಿದೆ. ಅನ್ನವು ನೆರೆಯವರ ಮನೆಯಿಂದ ಸಾವಿನ ಮನೆಗೆ ಹೋಗಬೇಕೆಂಬದು ಮೂಲವಿಧಿ. ಹಿಂದೂಸ್ಥಾನದಲ್ಲಿ ಕಾಲಕ್ರಮೇಣ ಅನ್ನದ ದಾರಿಯು ತಿರುಗಿತು. ಮೂರನೇ ದಿನದ ಜಿಯಾರತ್, ಹತ್ತನೇ ದಿನ, ಇಪ್ಪತ್ತನೇ ದಿನ, ನಲವತ್ತನೇ ದಿನದ ಚಾಲೀಸ್ವಾಂ ಎಂದು ಸಾವಿನ ಮನೆಯವರೇ ಊರಿಗೆ ಉಣಬಡಿಸಬೇಕಾಯಿತು. ದಖ್ಖಣದ ಜಾಫರ್ ಷರೀಫರು ಬರೆದು 1832ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ‘ಕಾನೂನೆ ಇಸ್ಲಾಮ್’ ಎಂಬ ಗ್ರಂಥದಲ್ಲಿ ಇಂಥಾ ಸಂಸ್ಕಾರಗಳ ವಿವರವಿದೆ. ಸತ್ತವರಿಗಾಗಿ ಕುರಾನು ಓದಿಸಿ ಬಡವರಿಗೆ ಉಣ್ಣಿಸುವದು ಸತ್ಕಾರ್ಯವೆಂದು ಅನೇಕ ಪಂಡಿತರ ಅಭಿಪ್ರಾಯ. ಆದರೆ ದಿನವು ಕಟ್ಟಾಯಿತು, ಬಡವರ ಬದಲು ಬಂಧುಗಳು ಪಂಕ್ತಿಯಲ್ಲಿ ಕೂತರು, ಮಾಡದೆ ಇದ್ದವರಿಗೆ ಜಿಪುಣರೆಂಬ ಅಪವಾದವು ಬಂತು. ಗಂಡನನ್ನು ಮಣ್ಣಿಗಿಟ್ಟ ಹೆಂಗಸು ಸಾಲಗಾರನ ಬಾಗಿಲಿಗೆ ಹೋಗುವದು ಅಲ್ಲಾಹನಿಗೆ ಹೆದರಿಯಲ್ಲ, ಪಂಕ್ತಿಗೆ ಹೆದರಿ.

ಬಿದ್‌ಅತ್ತಿನ ವಿಷಯದಲ್ಲಿ ಹಿಂದೂಸ್ಥಾನದ ಸುನ್ನಿಗಳನ್ನು ಇಬ್ಭಾಗ ಮಾಡಿದ ಎರಡು ಪಕ್ಷಗಳಿವೆ. ದೇವಬಂದದ ಪಕ್ಷದ ಅಶ್ರಫ್ ಅಲಿ ಥಾನವಿಯವರು (1863–1943) ಹೆಂಗಸರಿಗಾಗಿ ಬರೆದ ‘ಬಿಹಿಷ್ತೀ ಜೇವರ್’ ಎಂಬ ಪುಸ್ತಕದಲ್ಲಿ ಇಂಥಾ ವೆಚ್ಚದ ರೂಢಿಗಳನ್ನು ಒಂದೊಂದಾಗಿ ಹಿಡಿದು ಖಂಡಿಸಿದರು. ಬರೇಲಿಯ ಅಹ್ಮದ್ ರಜಾ ಖಾನರು (1856–1921) ಪ್ರವಾದಿಯ ಜನ್ಮೋತ್ಸವವನ್ನೂ ಸತ್ತವರಿಗೆ ಫಾತಿಹಾ ಓದುವದನ್ನೂ ಬಲವಾಗಿ ಸಮರ್ಥಿಸಿದವರು. ಆದರೆ ಸಾವಿನ ಮನೆಯಲ್ಲಿ ಬಂಧುಬಳಗಕ್ಕೆ ಔತಣ ಮಾಡಿಸುವದು ತಪ್ಪೆಂದು ಅವರೂ ಪ್ರತ್ಯೇಕವಾಗಿ ಬರೆದರು. ಅಲ್ಲಿ ಮಾತ್ರ ಈ ಎರಡು ಪಕ್ಷಗಳ ನ್ಯಾಯವು ಒಂದೇ ಆಗಿದೆ. ಸತ್ತವನ ಹೂಣಿಕೆಯ ವೆಚ್ಚ, ಸಾಲ, ಮರಣಶಾಸನ ಇವುಗಳನ್ನು ತೀರಿಸಿದ ಮೇಲೆ ಉಳಿದದ್ದು ವಾರಸುದಾರರದ್ದು. ಅವರಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿದ್ದರೆ ಅವರ ಪಾಲಿನ ಅಕ್ಕಿಯಿಂದ ಅತಿಥಿಗೆ ಒಂದು ತುತ್ತನ್ನೂ ಇಡಕೂಡದು. ಮಗುವೇ ಎದ್ದು ನಿಂತು, ನಮ್ಮಪ್ಪನ ಹೆಸರಿನಲ್ಲಿ ಅಡಿಗೆ ಮಾಡಿರಿ ಎಂದು ಹೇಳಿದರೂ ಆ ಒಪ್ಪಿಗೆಯು ಶಾಸ್ತ್ರದಲ್ಲಿ ಒಪ್ಪಿಗೆಯಲ್ಲ.