ಮುಖಪುಟ ಮತ್ತು ಎಂಟನೆಯ ಕಟ್ಟಳೆ

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಾದ ನೂಕುನುಗ್ಗಲು 97 ಲಿವರ್‌ಪೂಲ್ ಅಭಿಮಾನಿಗಳ ಪ್ರಾಣ ತೆಗೆಯಿತು. ನಾಲ್ಕು ದಿನಗಳ ಬಳಿಕ ‘ದಿ ಸನ್’ ಪತ್ರಿಕೆ, ಅಭಿಮಾನಿಗಳೇ ಸತ್ತವರ ಜೇಬಿಗೆ ಕೈಹಾಕಿದರೆಂದು ಬರೆದು, ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ಸತ್ಯ’ ಎಂದು ತಲೆಬರಹ ಕೊಟ್ಟಿತು. ಅದು ಸುಳ್ಳು. 2012ರಲ್ಲಿ ಪತ್ರಿಕೆ ಮುಖಪುಟದಲ್ಲೇ ಕ್ಷಮೆ ಕೇಳಿತು.

ಓದುಗರು ಏಕೆ ನಂಬಿದರು? ಫುಟ್‌ಬಾಲ್ ಅಭಿಮಾನಿಗಳೆಂದರೆ ಪುಂಡರೆಂಬ ಭಾವನೆ ಮೊದಲೇ ಇತ್ತು. ಪತ್ರಿಕೆ ಅದನ್ನೇ ಅಚ್ಚುಹಾಕಿ ಮಾರಿತು. ಲಿವರ್‌ಪೂಲಿನ ಜನ ಸತ್ತವರನ್ನು ಬಲ್ಲವರು. ಅಲ್ಲಿ ಅನೇಕರು ಇಂದಿಗೂ ಆ ಪತ್ರಿಕೆ ಕೊಳ್ಳುವುದಿಲ್ಲ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ಬರೆಯುವವರಿಗೆ ಮಾತ್ರವಲ್ಲ, ಕಾಸು ಕೊಟ್ಟು ಓದುವ ನಮಗೂ ಅನ್ವಯಿಸುತ್ತದೆ. ನಮಗೆ ಹಿಡಿಸದವರ ಕುರಿತ ಕೆಟ್ಟ ಸುದ್ದಿ ಓದಿ ಮನಸ್ಸು ಹಿಗ್ಗಿದರೆ, ಇನ್ನೊಬ್ಬರಿಗೆ ಹೇಳುವ ಮೊದಲು ಕೇಳಿಕೊಳ್ಳೋಣ: ಇದು ನಿಜವೆಂದು ನಂಬಿದೆವೋ, ನಿಜವಾಗಿರಲೆಂದು ಬಯಸಿದೆವೋ?