ಮೈತುಂಬ ಬರೆದದ್ದು, ಒಂದೆಡೆ ಓದಿದ್ದು

ನಮ್ಮ ಕಾಲಿನ ಹೆಬ್ಬೆರಳಿಗೂ ಇನ್ಸುಲಿನ್ ಮಾಡುವ ವಿಧಾನ ಗೊತ್ತು. ಗೊತ್ತು ಎಂದರೆ, ಅಲ್ಲಿನ ಚರ್ಮದ ಒಂದೊಂದು ಕೋಶದೊಳಗೂ ಹನ್ನೊಂದನೆಯ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ ಅದು ಬರೆದಿದೆ. ಸುಮಾರು 1,400 ಅಕ್ಷರಗಳ ಪುಟ್ಟ ಜೀನು. ಅದರಿಂದ ಹೊರಬರುವುದು 51 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ಕಣ್ಣರೆಪ್ಪೆಯಲ್ಲಿ, ಮೂಳೆಯಲ್ಲಿ, ಮೂಗಿನ ತುದಿಯಲ್ಲಿ, ಎಲ್ಲೆಲ್ಲೂ ಇದೇ ಬರಹ. ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆಸೆದು ಓಡಾಡುವ ಕೆಂಪು ರಕ್ತಕಣದಂಥ ಕೆಲವಕ್ಕೆ ಮಾತ್ರ ಈ ಓದುಬರಹದ ಗೊಡವೆಯಿಲ್ಲ. ಆದರೆ ಬರೆದದ್ದನ್ನು ತೆರೆದು ಓದಿ, ಅದರಂತೆ ಮಾಡಿ, ರಕ್ತಕ್ಕೆ ಬಿಡುವ ಕೆಲಸ ಹೊಟ್ಟೆಯ ಹಿಂಬದಿಯಲ್ಲಿ ಅಡಗಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳದ್ದು. 1869ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಸೂಕ್ಷ್ಮದರ್ಶಕದಲ್ಲಿ ಕಂಡು, ಏನು ಕೆಲಸದವೋ ತಿಳಿಯದೆ ವಿವರಿಸಿಟ್ಟ ಕೋಶಗುಂಪುಗಳಲ್ಲಿ ಇವುಗಳ ವಾಸ. ಇಡೀ ಗ್ರಂಥಿಯಲ್ಲಿ ಆ ಗುಂಪುಗಳದ್ದು ನೂರಕ್ಕೆ ಒಂದೆರಡು ಪಾಲು, ಅಷ್ಟೇ.

ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಇದನ್ನು ಒಮ್ಮೆ ವಿವರಿಸಲು ಹೋಗಿದ್ದೆ. ಫ್ರಿಜ್ಜಿನ ಬಾಗಿಲಲ್ಲಿ, ಮಿಡಿ ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಅವರ ಇನ್ಸುಲಿನ್ ಪೆನ್ನು. ಊಟದ ತಟ್ಟೆ ಇಡುವ ಮೊದಲು ಅದನ್ನು ಹೊರತೆಗೆದು, ಹಿಂಬದಿಯ ತಿರುಪನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಅಂಕಿ ಕಾಣಿಸದಿದ್ದರೂ ಟಕ್ ಟಕ್ ಸದ್ದು ಎಣಿಸಿಯೇ ಯೂನಿಟ್ ಲೆಕ್ಕ ಹಾಕುವಷ್ಟು ಪಳಗಿದ ಕೈ. ನನ್ನ ವಿವರಣೆ ಮುಗಿಯುವವರೆಗೂ ಸುಮ್ಮನಿದ್ದು, ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದರು: "ಮೈತುಂಬ ಬರೆದಿಟ್ಟದ್ದು ಹೌದಾದರೆ, ಒಂದು ಕಡೆಯಾದರೂ ಸಮಾ ಓದುವವರಿಲ್ವಾ ಮಗಾ?"

ಅವರ ಕಾಯಿಲೆಯ ಕಾರಣ ಬರೀ ಓದದಿರುವುದಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳದಿರುವುದೂ ಅದರಲ್ಲಿ ಸೇರಿದೆ, ವರ್ಷಗಟ್ಟಲೆ ದುಡಿದ ಬೀಟಾ ಕೋಶಗಳ ದಣಿವೂ ಸೇರಿದೆ. ಆದರೂ ಪ್ರಶ್ನೆ ಮಾತ್ರ ನೆಟ್ಟಗೆ ನಾಟುವಂಥದ್ದು. ಒಂದೇ ಬರಹ ಎಲ್ಲ ಕೋಶದಲ್ಲೂ ಇರುವಾಗ ಯಾವ ಕೋಶ ಯಾವುದನ್ನು ಓದಬೇಕು, ಯಾವಾಗ ಓದಬೇಕು ಎಂದು ತೀರ್ಮಾನವಾಗುವುದು ಹೇಗೆ? ಜೀವಶಾಸ್ತ್ರಜ್ಞರು ಇದನ್ನು ಕೇಳತೊಡಗಿ ಬಹಳ ಕಾಲವಾಯಿತು. ಕೇಳುವುದಕ್ಕೆ ಅವರು ಹಿಡಿದುಕೊಂಡದ್ದು ಚಿಟ್ಟಿಲಿಯನ್ನು.

ಇಲಿಯೆಂದರೆ ನಮಗೆ ಬೋನು, ಪಾಷಾಣ, ಕೊರೆದ ಅಕ್ಕಿಮೂಟೆ. ಆದರೆ ಥಾಣೆಯಲ್ಲಿ ಇಳಿದು ಪನ್ವೇಲ್ ಕಡೆಯ ಲೋಕಲ್ ಹತ್ತಿ, ಐರೋಲಿ, ರಬಾಳೆ, ಘನ್ಸೋಲಿ, ತುರ್ಭೆ, ನೆರೂಲ್, ಬೇಲಾಪುರ ದಾಟಿದರೆ ಖಾರ್ಘರ್ ಬರುತ್ತದೆ. ಅಲ್ಲಿ ಗುಡ್ಡದ ಮಗ್ಗುಲಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಇದೆ. ಕ್ಯಾನ್ಸರ್ ಚಿಕಿತ್ಸೆ, ಸಂಶೋಧನೆ, ಶಿಕ್ಷಣ ಮೂರೂ ಒಂದೇ ಆವರಣದಲ್ಲಿ. ಕಲ್ಯಾಣದವರು, ಪನ್ವೇಲಿನವರು, ಎಲ್ಲೆಲ್ಲಿಂದಲೋ ಬಂದವರು ಕೈಯಲ್ಲಿ ಫೈಲು ಹಿಡಿದು ಕಾಯುತ್ತಿರುತ್ತಾರೆ. ನಡುವೆ ವಿಜಯಪುರ, ಕಲಬುರಗಿ ಕಡೆಯ ಮಾತೂ ಕಿವಿಗೆ ಬೀಳುವುದುಂಟು. ಅದೇ ಆವರಣದಲ್ಲಿ ಇಲಿಗಳಿಗೂ ಒಂದು ಮನೆಯಿದೆ. ಪ್ರತಿ ಪಂಜರಕ್ಕೂ ಚೀಟಿ, ಪ್ರತಿ ತಳಿಗೂ ವಂಶಾವಳಿ. ನಮ್ಮಲ್ಲಿ ಎಷ್ಟು ಮನೆತನಗಳಿಗೆ ಅಷ್ಟು ಶಿಸ್ತಿನ ವಂಶಾವಳಿ ಇದೆಯೋ!

ಈ ಇಲಿಗಳ ಕಥೆ ಖಾರ್ಘರಿಗಿಂತ ಹಳೆಯದು. 1952ರಲ್ಲಿ ಪರೇಲಿನಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರ ಶುರುವಾಯಿತು, ವಿ. ಆರ್. ಖಾನೋಲ್ಕರ್ ಅದರ ಮೊದಲ ನಿರ್ದೇಶಕರು. ಪುಣೆಯಲ್ಲಿ ಹುಟ್ಟಿದ ಕಮಲ್ ರಣದಿವೆ ಅಲ್ಲಿ ಇಲಿಗಳಲ್ಲಿ ಸ್ತನ ಕ್ಯಾನ್ಸರಿನ ಬೆನ್ನು ಹತ್ತಿದರು. ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದವರೂ ಅವರೇ. ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೇ ಹೊತ್ತು ಐಸಿಆರ್‌ಸಿ ಎಂಬ ಇಲಿ ತಳಿಯೊಂದು ಹುಟ್ಟಿಕೊಂಡಿತು. ಶುದ್ಧ ತಳಿ ಅನ್ನಿಸಿಕೊಳ್ಳಲು ಅಣ್ಣತಂಗಿಯರನ್ನೇ ಕೂಡಿಸುತ್ತಾ 20 ತಲೆಮಾರು ದಾಟಬೇಕು. ಎಷ್ಟು ತಾಳ್ಮೆ ಬೇಕು, ಯೋಚಿಸಿ. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟುವಲ್ಲಿಯೂ ರಣದಿವೆ ಮುಂದಿದ್ದರು. ಅದರ ಕೇಂದ್ರ ಕಚೇರಿ ಈಗ ವಾಶಿಯಲ್ಲಿದೆ. ಅದರ ಮುಂದೆ ದಿನವೂ ಹಾದುಹೋಗುವವರಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತೋ ಕಾಣೆ. 2002ರಲ್ಲಿ ಪರೇಲಿನ ಸಂಶೋಧನೆ ಖಾರ್ಘರಿಗೆ ಬಂತು.

ರಣದಿವೆಯವರ ಕಾಲದಲ್ಲಿ ಇಲಿ ಹುಟ್ಟಿದಂತೆ ಇತ್ತು. ಆರಿಸುವುದು, ಕೂಡಿಸುವುದು ಮಾತ್ರ ಮನುಷ್ಯನ ಕೆಲಸ. ಬರಹಕ್ಕೇ ಕೈಹಚ್ಚುವ ಕಾಲ ಆಮೇಲೆ ಬಂತು. 1980ರ ಹೊತ್ತಿಗೆ ಅಮೆರಿಕದಲ್ಲಿ ಗಾರ್ಡನ್ ಮತ್ತು ರಡ್ಲ್ ಎಂಬ ವಿಜ್ಞಾನಿಗಳು, ಆಗಷ್ಟೇ ಫಲಿತವಾದ ಇಲಿಯ ಅಂಡದೊಳಕ್ಕೆ ಕೂದಲಿಗಿಂತ ಸಪೂರ ಗಾಜಿನ ಸೂಜಿಯಿಂದ ಡಿಎನ್‌ಎ ಸೇರಿಸಿ, ಅದು ಮರಿಯ ಮೈಯಲ್ಲಿ ಉಳಿಯುವುದನ್ನು ತೋರಿಸಿದರು. 2011ರಲ್ಲಿ ಖಾರ್ಘರಿನ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದು ಪ್ರಕಟಿಸಿದ್ದಾರೆ: ಜೀನು ಹೊತ್ತ ವೈರಸ್ಸನ್ನು ಎಳೆಯ ಗಂಡಿಲಿಯ ವೃಷಣಕ್ಕೇ ಚುಚ್ಚುವುದು. ವೀರ್ಯ ಹುಟ್ಟಿಸುವ ಮೂಲಕೋಶಕ್ಕೆ ಜೀನು ಸೇರಿದರೆ ಮರಿಗಳಿಗೆ ತಾನಾಗಿಯೇ ಬರುತ್ತದೆ. ಅಂಡ ತೆಗೆಯುವ, ಬಾಡಿಗೆ ತಾಯಿಗೆ ಹಾಕುವ ರಗಳೆ ಇಲ್ಲ.

ಆದರೆ ಜೀನು ಸೇರಿಸಿದ ಮಾತ್ರಕ್ಕೆ ನನಗೆ ಬೆರಗಾಗುವುದಿಲ್ಲ. ಬೆರಗಾಗುವುದು 1984ರ ಒಂದು ಫಲಿತಾಂಶ ಓದಿದಾಗ. ರ‍್ಯಾಟ್ ಎನ್ನುವ ದೊಡ್ಡ ಜಾತಿಯ ಇಲಿಯಲ್ಲಿ ಎಲಾಸ್ಟೇಸ್ ಎಂಬ ಜೀರ್ಣರಸದ ಜೀನಿದೆ. ಅದನ್ನು ಚಿಟ್ಟಿಲಿಯ ಅಂಡಕ್ಕೆ ಸೇರಿಸಿದರು. ಮರಿಯ ಎಲ್ಲ ಕೋಶಕ್ಕೂ ಅದು ಹಂಚಿಹೋಯಿತು. ಹಾಗೆ ಹುಟ್ಟಿದ ಚಿಟ್ಟಿಲಿಗಳಲ್ಲಿ ಆ ಪರಕೀಯ ಜೀನು ಭರಪೂರ ಕೆಲಸ ಮಾಡಿದ್ದು ಮೇದೋಜೀರಕದಲ್ಲಿ. ಯಾರೂ ಅದಕ್ಕೆ ಜಾಗ ಹೇಳಿಕೊಟ್ಟಿರಲಿಲ್ಲ. ಕ್ರೋಮೋಸೋಮಿನಲ್ಲಿ ಅದು ಎಲ್ಲೋ ಬಿದ್ದಿತ್ತು. ಮರುವರ್ಷ ಇನ್ನಷ್ಟು ಕತ್ತರಿಸಿ ನೋಡಿದರು. ಜೀನಿನ ಮುಂದಿರುವ ಬರೀ 213 ಅಕ್ಷರಗಳ ತುಣುಕು ಸಾಕು; ಅದರ ಹಿಂದೆ ಮನುಷ್ಯನ ಬೆಳವಣಿಗೆಯ ಹಾರ್ಮೋನಿನ ಜೀನು ಅಂಟಿಸಿದರೂ ಮೇದೋಜೀರಕದ ಕೋಶ ಮಾತ್ರ ಅದನ್ನು ಓದುತ್ತದೆ. ಪ್ರೊಮೋಟರ್ ಎನ್ನುವುದು ಇಂಥ ತುಣುಕನ್ನೇ. 1985ರಲ್ಲೇ ಡಗ್ಲಸ್ ಹ್ಯಾನಹನ್ ಇನ್ಸುಲಿನ್ ಜೀನಿನ ಮುಂದಿನ ತುಣುಕಿಗೆ ಗಡ್ಡೆ ಎಬ್ಬಿಸುವ ವೈರಸ್ ಜೀನೊಂದನ್ನು ಜೋಡಿಸಿದರು. ಗಡ್ಡೆ ಎದ್ದದ್ದು ಬೀಟಾ ಕೋಶಗಳಲ್ಲಿ. 1986ರಲ್ಲಿ ಮನುಷ್ಯನ ಇನ್ಸುಲಿನ್ ಜೀನನ್ನೇ ಚಿಟ್ಟಿಲಿಗೆ ಕೊಟ್ಟಾಗ, ಅದರ ಬೀಟಾ ಕೋಶ ಅಪರಿಚಿತವೆನ್ನದೆ ಓದಿಬಿಟ್ಟಿತು. ನಮ್ಮ ವಂಶವೂ ಇಲಿಯ ವಂಶವೂ ಬೇರೆಯಾಗಿ ಏಳೆಂಟು ಕೋಟಿ ವರ್ಷ ಕಳೆದಿವೆ.

ಎಲ್ಲಿ ಓದಬೇಕು ಎಂಬುದು ಹೀಗೆ ಕೈಗೆ ಬಂತು. ಯಾವಾಗ ಎಂಬುದಕ್ಕೆ ನೆರವಾದದ್ದು ಬ್ಯಾಕ್ಟೀರಿಯಾವನ್ನು ಕಾಡುವ ಪಿ1 ಎಂಬ ವೈರಸ್ಸು. ಅದರ ಬಳಿ ಕ್ರೆ ಎಂಬ ಕಿಣ್ವವಿದೆ. ಡಿಎನ್‌ಎಯಲ್ಲಿ ಲಾಕ್ಸ್ ಎಂಬ 34 ಅಕ್ಷರಗಳ ಗುರುತು ಎರಡು ಕಡೆ ಕಂಡರೆ, ಅವುಗಳ ನಡುವಿನದನ್ನು ಕತ್ತರಿಸಿ ತೆಗೆದು ತುದಿಗಳನ್ನು ಕೂಡಿಸುತ್ತದೆ. ಆ 34 ಅಕ್ಷರಗಳ ಕಟ್ಟುವಿಕೆ ಸೊಗಸು: ಆ ಕಡೆ 13, ಈ ಕಡೆ 13, ನಡುವೆ 8. ಅಕ್ಕಪಕ್ಕದ ಹದಿಮೂರೂ ಹದಿಮೂರೂ ವಿಕಟಕವಿಯ ಹಾಗೆ, ಒಂದನ್ನು ಒಂದೆಳೆಯಲ್ಲಿ ಮುಂದಿನಿಂದ, ಇನ್ನೊಂದನ್ನು ಎದುರಿನ ಎಳೆಯಲ್ಲಿ ಹಿಂದಿನಿಂದ ಓದಿದರೆ ಅದೇ. ಈ ಗುರುತು ಇಲಿಯ ಬರಹದಲ್ಲಿ ತಾನಾಗಿ ಇರುವುದಿಲ್ಲ, ನಾವೇ ಇಟ್ಟರೆ ಉಂಟು. ಹಾಗಾಗಿ ಕ್ರೆ ತನಗೆ ತೋರಿಸಿದ ಜಾಗದಲ್ಲಿ ಕೆಲಸ ಮಾಡುತ್ತದೆ. ಕ್ರೆ ಜೀನಿನ ಮುಂದೆ ಇನ್ಸುಲಿನ್ನಿನ ಪ್ರೊಮೋಟರ್ ಇಟ್ಟರೆ, ಬೀಟಾ ಕೋಶದಲ್ಲಿ ಕತ್ತರಿ ಆಡುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ ತಿದ್ದಿದ ತುಂಡೊಂದನ್ನು ಕ್ರೆಗೆ ಕಟ್ಟಿದರು. ಆಗ ಅದು ನ್ಯೂಕ್ಲಿಯಸ್ಸಿನ ಹೊರಗೇ ಬಿದ್ದಿರುತ್ತದೆ. ಮೈಯ ಸ್ವಂತ ಈಸ್ಟ್ರೋಜನ್ನಿಗೆ ಜಗ್ಗುವುದಿಲ್ಲ. ಇಲಿಗೆ ಟ್ಯಾಮಾಕ್ಸಿಫೆನ್ ಕೊಟ್ಟ ದಿನ ಒಳನುಗ್ಗುತ್ತದೆ. ಟ್ಯಾಮಾಕ್ಸಿಫೆನ್! ಸ್ತನ ಕ್ಯಾನ್ಸರಿನ ಹೆಂಗಸರು ವರ್ಷಗಟ್ಟಲೆ ನುಂಗುವ ಮಾತ್ರೆ. ಆಸ್ಪತ್ರೆಯ ಮೆಡಿಕಲ್ಲಿನ ಮುಂದೆ ನಿಂತವರ ಕೈಯಲ್ಲಿರುವ ಪಟ್ಟಿಯ ಔಷಧವೇ, ಇಲಿಯ ಮೈಯಲ್ಲಿ ಜೀನೊಂದನ್ನು ಯಾವ ದಿನ ತಿದ್ದಬೇಕು ಎಂಬ ಅಪ್ಪಣೆಯಾಗುತ್ತದೆ.

ಈ ಉಪಾಯದಿಂದ ಸಿಕ್ಕ ಉತ್ತರಗಳಲ್ಲಿ ನನಗೆ ಮೆಚ್ಚಿನದು 2004ರದು. ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಮೊದಲು ಕಪ್ಪೆಯ ಭ್ರೂಣಗಳ ಮೇಲೆ ಕೆಲಸ ಮಾಡುತ್ತಿದ್ದವರು. ಹಸುಗೂಸು ಮಗನಿಗೆ ಟೈಪ್ 1 ಡಯಾಬಿಟೀಸ್ ಬಂದ ಮೇಲೆ ಬೀಟಾ ಕೋಶದ ಕಡೆ ತಿರುಗಿದರು. ಹೊಸ ಬೀಟಾ ಕೋಶಗಳು ಎಲ್ಲಿಂದ ಬರುತ್ತವೆ? ಗ್ರಂಥಿಯಲ್ಲಿ ಎಲ್ಲೋ ಮೂಲಕೋಶಗಳು ಕಾದುಕೊಂಡಿವೆ ಎಂದು ಹಲವರು ನಂಬಿದ್ದರು. ಯುವಲ್ ಡೋರ್ ಮತ್ತು ಮೆಲ್ಟನ್ ತಂಡದವರು ಪ್ರಾಯದ ಚಿಟ್ಟಿಲಿಗಳಿಗೆ ಕೆಲವು ದಿನ ಟ್ಯಾಮಾಕ್ಸಿಫೆನ್ ಕೊಟ್ಟು ಆಗ ಇದ್ದ ಬೀಟಾ ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿದರು. ಆಮೇಲೆ ತಿಂಗಳುಗಟ್ಟಲೆ ಕಾದರು. ಗುರುತಿಲ್ಲದ ಮೂಲಕೋಶದಿಂದ ಹೊಸವು ಹುಟ್ಟುತ್ತಿದ್ದರೆ ಗುರುತಿನವುಗಳ ಪಾಲು ಕುಗ್ಗಬೇಕಿತ್ತು. ಕುಗ್ಗಲಿಲ್ಲ. ಬೀಟಾ ಕೋಶ ಹುಟ್ಟುವುದು ಬಹುಮಟ್ಟಿಗೆ ಇನ್ನೊಂದು ಬೀಟಾ ಕೋಶ ಸೀಳಿಯೇ. ಇರುವುದನ್ನು ಕಾಪಾಡಿಕೊಳ್ಳುವುದಕ್ಕೆ ಎಷ್ಟು ಬೆಲೆಯೆಂದು ಇದಕ್ಕಿಂತ ಸರಳವಾಗಿ ತೋರಿಸಿದ ಪ್ರಯೋಗ ನಾನು ಓದಿಲ್ಲ.

ಇಲಿಗಳನ್ನು ಮರೆತು ಈ ಬೆರಗನ್ನು ಅನುಭವಿಸುವುದು ನನ್ನಿಂದಾಗದು. ಗುರುತಿಗೆಂದು ಕಿವಿಯಲ್ಲಿ ತೂತು. ಯಾವ ಮರಿಗೆ ಜೀನು ಬಂದಿದೆ ಎಂದು ನೋಡಲು ಬಾಲದ ತುದಿಯ ಚೂರು. ಕೊನೆಗೆ ಗ್ರಂಥಿ ಹೊರಗೆ ಬರಲೇಬೇಕು. ನೈತಿಕ ಸಮಿತಿಯ ಒಪ್ಪಿಗೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ನೋವು ಕಡಿಮೆ ಮಾಡುವ ನಿಯಮಗಳು ಎಲ್ಲವೂ ಇವೆ, ಇರಬೇಕಾದದ್ದೇ. ಅವೆಲ್ಲ ಇದ್ದೂ ಲೆಕ್ಕ ಸರಿಹೋಯಿತು ಅಂತ ನನಗೆ ಅನ್ನಿಸಿಲ್ಲ. ದೊಡ್ಡಮ್ಮನ ಪೆನ್ನು ಬೇಡವೆಂದೂ ಅನ್ನಿಸಿಲ್ಲ.

ಇಷ್ಟು ಜಾಣತನದಿಂದ ಮಾಡಿದ ಇಲಿಗಳೂ ಹೇಳಿದಂತೆ ಕೇಳಿದವೇ? ಇಲ್ಲ. ಬೀಟಾ ಕೋಶಕ್ಕೆಂದು ಮಾಡಿದ ಕೆಲವು ತಳಿಗಳಲ್ಲಿ, ಜೀನು ಚೆನ್ನಾಗಿ ಕೆಲಸ ಮಾಡಲೆಂದು ಬಾಲಂಗೋಚಿಯಾಗಿ ಮನುಷ್ಯನ ಬೆಳವಣಿಗೆಯ ಹಾರ್ಮೋನಿನ ತುಣುಕು ಸೇರಿಸಿದ್ದರು. ಅದು ಸುಮ್ಮನಿರದೆ ನಿಜವಾಗಿಯೇ ಹಾರ್ಮೋನು ಮಾಡತೊಡಗಿತು. ಇಲಿಯ ಬೀಟಾ ಕೋಶ ಅದನ್ನು ಬಸಿರಿನ ಸುದ್ದಿಯೆಂದು ತಿಳಿದು, ಬಸುರಿಯ ಮೇದೋಜೀರಕದಂತೆ ನಡೆದುಕೊಂಡಿತು. ಈ ಗುಟ್ಟು 2014ರಲ್ಲಿ ಬಯಲಾದಾಗ ಎಷ್ಟು ಪ್ರಯೋಗಾಲಯಗಳಲ್ಲಿ ಹಳೆಯ ನೋಟುಪುಸ್ತಕಗಳು ಹೊರಬಂದವೋ.

ಇನ್ನೊಂದು ಎಡವಟ್ಟು ಇದಕ್ಕಿಂತ ಗಹನ. ಇನ್ಸುಲಿನ್ ಪ್ರೊಮೋಟರ್ ಹಚ್ಚಿದ ಕ್ರೆ, ಮೇದೋಜೀರಕದ ಜೊತೆಗೆ ಮಿದುಳಿನ ಹೈಪೋಥಲಮಸ್ಸಿನಲ್ಲೂ ಕತ್ತರಿ ಆಡಿಸುತ್ತಿತ್ತು. ಹಸಿವು ನೋಡಿಕೊಳ್ಳುವ ಜಾಗವದು. ಸೋರಿಕೆ ಎಂದು ಬೈದು, ಫಲಿತಾಂಶಗಳನ್ನು ಮತ್ತೆ ತೂಗಿ ನೋಡಿ, ಹೆಚ್ಚು ಕಟ್ಟುನಿಟ್ಟಿನ ತಳಿಗಳನ್ನು ಮಾಡಿಕೊಂಡರು. ಸರಿಯೇ. ಆದರೆ ಮಿದುಳಿನ ಕೋಶಕ್ಕೆ ಆ ತುಣುಕು ಓದಲು ಬಂದದ್ದಾದರೂ ಹೇಗೆ? ಬೀಟಾ ಕೋಶ ಭ್ರೂಣದ ಒಳಪದರದ ಸಂತಾನ, ನರಕೋಶ ಹೊರಪದರದ್ದು; ಎರಡರ ದಾರಿ ಆರಂಭದಲ್ಲೇ ಬೇರೆ. ಆದರೂ ಓದಿಸುವ ಪ್ರೋಟೀನುಗಳಲ್ಲಿ ಹಲವು ಇಬ್ಬರಿಗೂ ಒಂದೇ. ನರಕೋಶದ ಹೆಸರನ್ನೇ ಇಟ್ಟುಕೊಂಡ ನ್ಯೂರೋಡಿ ಎಂಬುದು ಕೆಟ್ಟರೆ ಮನುಷ್ಯರಲ್ಲಿ ಒಂದು ಬಗೆಯ ಡಯಾಬಿಟೀಸ್ ಬರುತ್ತದೆ. ಬಾಳೆಹಣ್ಣಿನ ಗೊನೆಯ ಸುತ್ತ ಗುಂಯ್‌ಗುಡುವ ಹಣ್ಣಿನ ನೊಣಕ್ಕಂತೂ ಮೇದೋಜೀರಕವೇ ಇಲ್ಲ. ಅದರ ಇನ್ಸುಲಿನ್ ಬಳಗದ ಪ್ರೋಟೀನನ್ನು ಮಾಡುವುದು ತಲೆಯೊಳಗಿನ ಕೆಲವೇ ನರಕೋಶಗಳು; ಅವನ್ನು ಕೊಂದರೆ ನೊಣದ ಸಕ್ಕರೆ ಏರುತ್ತದೆ ಎಂದು 2002ರಲ್ಲಿ ತೋರಿಸಿದ್ದಾರೆ. ಇಂಥ ಓದಿಸುವ ಪ್ರೋಟೀನಿನದೇ ಪ್ಯಾಕ್ಸ್6 ಎಂಬ ಇನ್ನೊಂದು ಜೀನಿದೆ. ಅದರ ಎರಡೂ ಪ್ರತಿ ಕೆಟ್ಟ ಇಲಿಮರಿಗೆ ಕಣ್ಣೇ ಮೂಡುವುದಿಲ್ಲ. ಅದೇ ಮರಿಯ ಹೊಟ್ಟೆಯಲ್ಲಿ ಹುಡುಕಿದರೆ, ಲ್ಯಾಂಗರ್‌ಹಾನ್ಸ್ ಕಂಡ ಆ ಕೋಶಗುಂಪುಗಳೂ ನೆಟ್ಟಗೆ ಕಟ್ಟಿಕೊಂಡಿರುವುದಿಲ್ಲ. ಕಣ್ಣೆಲ್ಲಿ, ಮೇದೋಜೀರಕವೆಲ್ಲಿ!